ರೇಷ್ಮೆ ಕುಡಿದ ನೀರಿಗೊಂದು ಲೆಕ್ಕ

ರೇಷ್ಮೆ ನೂಲು ಗುಟ್ಟು ಬಿಡದ ಪದಾರ್ಥ. ತನ್ನ ತೂಕದ ಕಾಲು ಭಾಗಕ್ಕಿಂತ ಹೆಚ್ಚು ನೀರನ್ನು ಗಾಳಿಯಿಂದ ಹೀರಿಕೊಂಡು ಕೂತಿದ್ದರೂ ಮುಟ್ಟಿದವರ ಕೈಗೆ ತೇವ ತಾಗುವುದಿಲ್ಲ. ಅದೇ ಹೊಳಪು, ಅದೇ ನುಣುಪು. ತಕ್ಕಡಿಗೆ ಮಾತ್ರ ಗೊತ್ತಾಗುತ್ತದೆ. ಅದಕ್ಕೂ ಅರ್ಧವೇ ಗೊತ್ತು: ಭಾರ ಹೆಚ್ಚಿದೆ ಎಂದು ಹೇಳುತ್ತದೆಯೇ ಹೊರತು ಹೆಚ್ಚಿದ್ದು ರೇಷ್ಮೆಯೋ ನೀರೋ ಎಂದು ಹೇಳುವುದಿಲ್ಲ.

ಇದರಲ್ಲಿ ಮೋಸಕ್ಕೆ ಎಷ್ಟು ಜಾಗವಿದೆ ಎಂದು ವ್ಯಾಪಾರ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾರುವವನು ರಾತ್ರಿ ನೂಲಿನ ಗಂಟನ್ನು ತಂಪು ಕೋಣೆಯಲ್ಲಿಟ್ಟರೆ ಬೆಳಗ್ಗೆ ಲಾಭ ತಾನಾಗಿ ಕೂಡಿರುತ್ತದೆ. ಮೋಸ ಮಾಡುವ ಮನಸ್ಸಿಲ್ಲದಿದ್ದರೂ ಲೆಕ್ಕ ತಪ್ಪುತ್ತದೆ. ಆಷಾಢದ ಜಿನುಗು ಮಳೆಯಲ್ಲಿ ಕೊಂಡ ನೂಲನ್ನು ಶಿವರಾತ್ರಿ ಕಳೆದ ಮೇಲಿನ ಒಣ ಬಿಸಿಲಿನಲ್ಲಿ ಮಾರಲು ಹೋದ ಸಾಹುಕಾರನಿಗೆ ತೂಕ ಕಡಿಮೆ ಬರುತ್ತದೆ. ಆಳನ್ನು ಅನುಮಾನಿಸುತ್ತಾನೆ, ಕಲ್ಲನ್ನು ಅನುಮಾನಿಸುತ್ತಾನೆ, ತಕ್ಕಡಿಯ ಮುಳ್ಳನ್ನು ಅನುಮಾನಿಸುತ್ತಾನೆ. ಕದ್ದದ್ದು ಗಾಳಿ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಈ ಮಾತಿಗೆ ಅರ್ಥ ಹೆಚ್ಚು. ಇಲ್ಲಿ ಹಿಪ್ಪುನೇರಳೆ ಬೆಳೆದವರು, ಹುಳು ಸಾಕಿದವರು, ನೂಲು ಬಿಚ್ಚಿದವರು, ಹುರಿ ಹಾಕಿದವರು, ಸೀರೆ ನೇಯ್ದವರು ಎಲ್ಲರೂ ಹತ್ತಾರು ಮೈಲಿಯ ಒಳಗೇ ಸಿಗುತ್ತಿದ್ದರು. ಕೊಳ್ಳೇಗಾಲದಲ್ಲಿ, ಯಳಂದೂರಿನ ಪಕ್ಕದ ಮಾಂಬಳ್ಳಿಯಲ್ಲಿ ಸರ್ಕಾರದ ರೇಷ್ಮೆ ನೂಲು ಬಿಚ್ಚಾಣಿಕೆ ಕಾರ್ಖಾನೆಗಳಿದ್ದವು. ಈಚೆಗೆ ಬೇರೆ ತಾಲ್ಲೂಕಾದ ಹನೂರು ಆಗ ಕೊಳ್ಳೇಗಾಲಕ್ಕೇ ಸೇರಿತ್ತು. ಆ ಕೊಳ್ಳೇಗಾಲವಾದರೂ 1956ರ ನವೆಂಬರ್ 1ರವರೆಗೆ ಮೈಸೂರಿನದಾಗಿರಲಿಲ್ಲ. ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ ನೆಲ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು. ಒಂದೇ ಮಾತು, ಒಂದೇ ಸಂತೆ, ನಡುವೆ ಎರಡು ಸರ್ಕಾರ.

ಎರಡು ಸರ್ಕಾರ ಎಂದ ಮೇಲೆ ಎರಡು ತೂಕ ಇರಲೇಬೇಕಲ್ಲ! ಇಲ್ಲೊಂದು ಸೋಜಿಗವಿದೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ ಮೈಸೂರು ಸೀಮೆ ಸುತ್ತಿ, ಹನೂರು, ಕೌದಳ್ಳಿಯ ದಾರಿ ಹಿಡಿದು ಕೊಯಮತ್ತೂರಿನ ಕಡೆಗೆ ಇಳಿದ. ಹೋದಲ್ಲೆಲ್ಲ ಬೆಳೆ, ಕುಲ, ಕಸುಬುಗಳ ಜೊತೆಗೆ ಊರಿನ ತೂಕ, ಅಳತೆಗಳನ್ನೂ ಬರೆದುಕೊಂಡ. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕದ್ದು ಎಂದು ಅವನ ಬರಹದಲ್ಲಿದೆ. ನಾಣ್ಯವೇ ಬಟ್ಟು! ಒಳ್ಳೆಯ ಉಪಾಯ, ಏಕೆಂದರೆ ಊರಿಗೊಂದು ಕಲ್ಲಿದ್ದರೂ ಟಂಕಸಾಲೆಯ ರೂಪಾಯಿಯನ್ನು ಯಾರೂ ತಿದ್ದುವ ಹಾಗಿಲ್ಲ. 1833ರಲ್ಲಿ ಕಂಪನಿ ಸರ್ಕಾರ ಆ ರೂಪಾಯಿಯ ತೂಕವನ್ನು 180 ಗ್ರೇನ್ ಎಂದು ಗೊತ್ತುಮಾಡಿ ಅದನ್ನೇ ತೊಲ ಎಂದು ಕರೆಯಿತು. ನಮ್ಮ ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಆ ತೊಲವನ್ನೇ ಇಟ್ಟು ಲೆಕ್ಕ ಹಾಕೋಣ. ಮೈಸೂರು ಕಡೆಯ ಮಣವೆಂದರೆ 40 ಕಚ್ಚಾ ಸೇರು, ಅಂದರೆ 24ರಂತೆ 960 ತೊಲ. ಮದ್ರಾಸಿನ ಮಣವೆಂದರೆ 8 ವೀಸೆ, ವೀಸೆಗೆ 120 ತೊಲ. ಅದೂ 960! ಹೆಸರು ಬೇರೆ, ಒಡೆದ ರೀತಿ ಬೇರೆ, ಮೊತ್ತ ಒಂದೇ. ಯಳಂದೂರಿನ ಐದು ಸೇರೇ ಕೊಳ್ಳೇಗಾಲದ ಒಂದು ವೀಸೆ. ಅದೇ ಮಣ ಎಂಬ ಹೆಸರಿನಲ್ಲಿ ಉತ್ತರದಿಂದ ಬಂದ ರೈಲ್ವೆ ಮಣವಾದರೋ 3,200 ತೊಲ, 37 ಕಿಲೋಗ್ರಾಂ ದಾಟುತ್ತದೆ. ನಮ್ಮ ಮಣ 11.2 ಕಿಲೋ. ಬರೀ ‘ಮಣ’ ಎಂದು ಬರೆದು ರುಜು ಹಾಕಿದವರ ಗತಿ ಏನಾಗಿರಬೇಕು?

ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಬರುವುದು ಒಂದು ಮಾನದಿಂದ ಇನ್ನೊಂದಕ್ಕೆ ದಾಟುವ ಇದೇ ವಿದ್ಯೆ. ಪುಸ್ತಕದ ಉದಾಹರಣೆಗಳು ಸಪ್ಪೆ: 3 ಇಂಚಿನ ಲೋಹದ ತುಂಡು, 2 ಲೀಟರ್ ಹಾಲು, 2 ದಿನಕ್ಕೆ ಎಷ್ಟು ಸೆಕೆಂಡು. ಈ ಸೀಮೆಯ ಮಕ್ಕಳಿಗೆ 7 ವೀಸೆ ನೂಲು ಎಷ್ಟು ಗ್ರಾಂ ಎಂದು ಕೇಳಿದರೆ ಮನೆಯ ಹಿರಿಯರೂ ತಲೆ ಕೊಡುತ್ತಾರೆ. 7 ವೀಸೆಯನ್ನು (120 ತೊಲ ÷ 1 ವೀಸೆ) ಎಂಬ ಭಿನ್ನರಾಶಿಯಿಂದ ಗುಣಿಸು. ಮೇಲಿನ ವೀಸೆ ಕೆಳಗಿನ ವೀಸೆಗೆ ವಜಾ, ಉಳಿದದ್ದು 840 ತೊಲ. ಅದನ್ನು (11.66 ಗ್ರಾಂ ÷ 1 ತೊಲ) ಎಂಬುದರಿಂದ ಗುಣಿಸು, ತೊಲಕ್ಕೆ ತೊಲ ವಜಾ, 9,794 ಗ್ರಾಂ. ಹತ್ತಿರ ಹತ್ತಿರ 9.8 ಕಿಲೋ. ಈ ಭಿನ್ನರಾಶಿಗಳ ಮೇಲೂ ಕೆಳಗೂ ಇರುವುದು ಒಂದೇ ಪ್ರಮಾಣ, ಆದ್ದರಿಂದ ಅವುಗಳ ಬೆಲೆ ಒಂದು. ಒಂದರಿಂದ ಎಷ್ಟು ಸಲ ಗುಣಿಸಿದರೂ ವಸ್ತು ಹೆಚ್ಚುವುದಿಲ್ಲ, ಕುಗ್ಗುವುದಿಲ್ಲ, ಹೆಸರು ಬದಲಾಗುತ್ತದೆ ಅಷ್ಟೆ. ಭಿನ್ನರಾಶಿಯನ್ನು ತಲೆಕೆಳಗಾಗಿ ಬರೆದರೆ ಉತ್ತರದಲ್ಲಿ ‘ವೀಸೆ ವರ್ಗ’ ಎಂಬ ಅಸಂಬದ್ಧ ಮಾನ ಬಂದು ನಿಲ್ಲುತ್ತದೆ, ತಪ್ಪು ತಾನೇ ಕೂಗಿ ಹೇಳುತ್ತದೆ. ಬಾಯಿಪಾಠ ಮಾಡಿದ ಸೂತ್ರಕ್ಕೆ ಈ ಗುಣವಿಲ್ಲ.

1956 ಈ ಸೀಮೆಗೆ ಎರಡು ಬದಲಾವಣೆ ತಂದ ವರ್ಷ. ನವೆಂಬರಿನಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಮೆಟ್ರಿಕ್ ತೂಕ ಅಳತೆ ತರುವ ಕಾಯಿದೆಯಾಯಿತು. 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂತು. 1958ರ ಅಕ್ಟೋಬರಿನಿಂದ ಕಿಲೋ ಬಟ್ಟುಗಳು ಹಂತಹಂತವಾಗಿ ಅಂಗಡಿಗೆ ಇಳಿದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವ 57ನೆಯ ಸಂಖ್ಯೆಯ ಪ್ಲಾಟಿನಂ-ಇರಿಡಿಯಂ ಕಿಲೋಗ್ರಾಂ ದೇಶದ ಎಲ್ಲ ಬಟ್ಟುಗಳಿಗೂ ತಾಯಿಯಾಯಿತು. ಸೇರು, ವೀಸೆ, ಮಣಗಳ ಜಗಳ ಹೀಗೆ ತೀರಿತು.

ರೇಷ್ಮೆಯ ಜಗಳ ತೀರಲಿಲ್ಲ. ಬಟ್ಟು ಎಷ್ಟೇ ಖಚಿತವಾಗಿರಲಿ, ಪರಿವರ್ತನೆ ಎಷ್ಟೇ ಸರಿಯಿರಲಿ, ತಕ್ಕಡಿಯ ಆಚೆ ತಟ್ಟೆಯಲ್ಲಿ ಕೂತಿರುವುದು ಏನು ಎಂಬ ಪ್ರಶ್ನೆ ಹಾಗೇ ಇತ್ತು. ಎಷ್ಟು ಎಂದು ಕೇಳುವ ಮೊದಲು ಯಾವುದು ಎಂದು ಕೇಳಬೇಕು. ರಸಾಯನಶಾಸ್ತ್ರದ ಅಳತೆಯಲ್ಲಿ ಕಷ್ಟವಿರುವುದು ಇಲ್ಲೇ, ಗುಣಾಕಾರದಲ್ಲಲ್ಲ. ಇದಕ್ಕೆ ಉತ್ತರ ಸಿಕ್ಕದ್ದು ನಮ್ಮ ಸೀಮೆಯಲ್ಲಿ ಅಲ್ಲ, ನಮ್ಮ ಹಾಗೆಯೇ ರೇಷ್ಮೆಯಿಂದ ಬದುಕಿದ ಫ್ರಾನ್ಸಿನ ಲಿಯೋನ್ ನಗರದಲ್ಲಿ. ಆ ಉತ್ತರ ಹುಡುಕಲು ಅವರಿಗೆ ಬಹಳ ಕಾಲ ಹಿಡಿಯಿತು.

ಮೊದಲು ಹೊಳೆದದ್ದು ಸುಲಭದ ದಾರಿ. ನೂಲು ಗಾಳಿಯ ತೇವಕ್ಕೆ ತಕ್ಕ ಹಾಗೆ ಹಿಗ್ಗುತ್ತದೆ ಕುಗ್ಗುತ್ತದೆ ಎನ್ನುವುದಾದರೆ ಎಲ್ಲರ ನೂಲನ್ನೂ ಒಂದೇ ಕೋಣೆಯಲ್ಲಿ, ಒಂದೇ ಹದದ ಬಿಸಿಯಲ್ಲಿ, ಇಡೀ ಒಂದು ದಿನ ಹರಡಿಟ್ಟು ಆಮೇಲೆ ತೂಗಿದರಾಯಿತು. ಇಟಲಿಯ ಟ್ಯೂರಿನ್‌ನಲ್ಲಿ 18ನೆಯ ಶತಮಾನದ ನಡುವೆಯೇ ಇಂಥ ಸಾರ್ವಜನಿಕ ಕೋಣೆ ಇತ್ತು. ಲಿಯೋನ್‌ನಲ್ಲಿ ಖಾಸಗಿಯವರು ಇದನ್ನೇ ದಂಧೆ ಮಾಡಿಕೊಂಡು, ಗಿರಾಕಿಗೆ ಬೇಕಾದ ಹಾಗೆ ಒಣಗಿಸಿಯೋ ಒಣಗಿಸದೆಯೋ ಕೊಡುತ್ತಾರೆಂಬ ದೂರು ಎದ್ದಾಗ 1805ರಲ್ಲಿ ಸರ್ಕಾರವೇ ಒಂದು ಕಚೇರಿ ತೆರೆಯಿತು. ತೀರ್ಪು ಕೊಡಲು ಮೂರನೆಯವರು ಬಂದರು. ಒಳ್ಳೆಯದೇ. ಆದರೂ ಮಳೆಗಾಲದ ತೂಕ ಒಂದು, ಬೇಸಿಗೆಯ ತೂಕ ಒಂದು ಬರುವುದು ತಪ್ಪಲಿಲ್ಲ.

ತಪ್ಪು ಎಲ್ಲಿತ್ತು? ಕೋಣೆಯ ಬಿಸಿಯನ್ನು ಹಿಡಿದಿಟ್ಟಿದ್ದರು, ಗಾಳಿಯೊಳಗಿನ ನೀರನ್ನು ಹಿಡಿದಿಟ್ಟಿರಲಿಲ್ಲ. ಸ್ವಿಸ್ ವಿಜ್ಞಾನಿ ಸೊಸ್ಯೂರ್ ತಲೆಗೂದಲನ್ನೇ ಎಳೆಯಾಗಿ ಬಳಸಿದ ತೇವಮಾಪಕದ ಬಗ್ಗೆ 1783ರಲ್ಲೇ ಬರೆದಿದ್ದ. ಗಾಳಿ ಹಸಿಯಾದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ, ಮುಳ್ಳು ತಿರುಗುತ್ತದೆ. ಕೂದಲೂ ರೇಷ್ಮೆಯೂ ಪ್ರೋಟೀನಿನ ಎಳೆಗಳೇ. ಹಾಗೆ ನೋಡಿದರೆ ಲಿಯೋನಿನ ಕೋಣೆಯಲ್ಲಿ ನೇತುಹಾಕಿದ ಒಂದೊಂದು ನೂಲಿನ ಲಡಿಯೂ ಒಂದು ತೇವಮಾಪಕ. ಅದು ತೋರಿಸುತ್ತಿದ್ದದ್ದು ಆ ದಿನದ ಹವೆಯನ್ನು. ವರ್ತಕರು ಅದನ್ನು ಸರಕಿನ ತೂಕ ಎಂದು ಓದುತ್ತಿದ್ದರು.

ತಲಾಬೊ ಎಂಬ ಎಂಜಿನಿಯರ್ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ. ರೇಷ್ಮೆಯಲ್ಲಿ ಸರಿಯಾದಷ್ಟು ನೀರು ಇರುವ ಹಾಗೆ ಮಾಡುವುದು ಹೇಗೆ ಎಂದು ಎಲ್ಲರೂ ಕೇಳುತ್ತಿದ್ದರು. ಆ ಹದ ಯಾರ ಕೈಗೂ ಸಿಗುವುದಿಲ್ಲ, ಅದು ಹವೆಯ ಕೈಯಲ್ಲಿದೆ. ಸಿಗುವುದು ಒಂದೇ ಸ್ಥಿತಿ: ನೀರು ಸೊನ್ನೆ. ನೀರೆಲ್ಲವನ್ನೂ ಓಡಿಸಿದ ಮೇಲೆ ಉಳಿಯುವ ತೂಕ ಆಷಾಢದಲ್ಲೂ ಅದೇ, ಚೈತ್ರದಲ್ಲೂ ಅದೇ, ಲಿಯೋನ್‌ನಲ್ಲೂ ಅದೇ, ಕೊಳ್ಳೇಗಾಲದಲ್ಲೂ ಅದೇ. ಅವನ ಯಂತ್ರ ಎರಡು ಗೋಡೆಯ ಒಂದು ಉರುಳೆ, ಗೋಡೆಗಳ ನಡುವೆ ಹಬೆ. ಒಳಗೆ ನೂಲಿನ ಲಡಿ, ಅದಕ್ಕೆ ಕಟ್ಟಿದ ತಂತಿ ಮುಚ್ಚಳದ ರಂಧ್ರದಿಂದ ಮೇಲೆ ಬಂದು ತಕ್ಕಡಿಯ ಒಂದು ತೋಳಿಗೆ ಸೇರುತ್ತಿತ್ತು. ಬಿಸಿ ನೂರು ಡಿಗ್ರಿ ದಾಟಿದ ಮೇಲೆ ನೂಲು ಹಗುರಾಗುತ್ತಾ ಬರುತ್ತದೆ, ಎದುರು ತಟ್ಟೆಯಿಂದ ಬಟ್ಟು ತೆಗೆಯುತ್ತಾ ಹೋಗಬೇಕು. ಇನ್ನು ಎಷ್ಟು ಹೊತ್ತು ಕಾಯಿಸಿದರೂ ತೂಕ ಇಳಿಯದು ಎಂಬಲ್ಲಿಗೆ ಬಂದಾಗ ನೀರು ಮುಗಿದಿದೆ ಎಂದರ್ಥ.

ಇದರ ಜಾಣತನ ಇರುವುದು ಆ ತಂತಿಯಲ್ಲಿ. ಒಣಗಿದ ನೂಲನ್ನು ಹೊರಗೆ ತೆಗೆದು ತೂಗಲು ಹೋದರೆ ತಟ್ಟೆಗೆ ಇಡುವಷ್ಟರಲ್ಲಿ ಗಾಳಿಯಿಂದ ನೀರು ಕುಡಿದುಬಿಡುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಾಯಿಸಿದ ಮೂಸೆಯನ್ನು ಶುಷ್ಕಕಾರಿ ಪಾತ್ರೆಯೊಳಗೇ ತಣಿಯಲು ಬಿಡಬೇಕು ಎಂದು ಮೇಷ್ಟ್ರು ಯಾಕೆ ಬೈದು ಹೇಳುತ್ತಾರೆ, ಸ್ಥಿರ ತೂಕ ಬರುವವರೆಗೆ ಮತ್ತೆ ಮತ್ತೆ ಕಾಯಿಸಿ ತೂಗಿ ಎಂದು ಯಾಕೆ ಬರೆಸುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ.

ಇನ್ನೊಂದು ತೊಡಕು ಉಳಿದಿತ್ತು. ಮೂಳೆಯಂತೆ ಒಣಗಿದ ರೇಷ್ಮೆಯನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ಸಂತೆಯಲ್ಲಿರುವ ರೇಷ್ಮೆ ಸ್ವಲ್ಪ ನೀರು ಇಟ್ಟುಕೊಂಡೇ ಇರುವಂಥದ್ದು. ಹಾಗಾದರೆ ಒಣ ತೂಕಕ್ಕೆ ಎಷ್ಟು ಸೇರಿಸಬೇಕು? ಇಲ್ಲಿ ವಿಜ್ಞಾನ ಅರ್ಧ, ಪಂಚಾಯಿತಿ ಅರ್ಧ. ಸಾಧಾರಣ ಹವೆಯಲ್ಲಿ ರೇಷ್ಮೆ ನೂರು ಪಾಲಿಗೆ ಹತ್ತು ಹನ್ನೊಂದು ಪಾಲು ನೀರು ಹಿಡಿಯುತ್ತದೆ ಎಂದು ಪ್ರಯೋಗ ಹೇಳಿತು. 11 ಎಂದು ವರ್ತಕರು ಒಪ್ಪಿದರು. 1841ರಲ್ಲಿ ಲಿಯೋನಿನ ಕಚೇರಿ ತಲಾಬೊನ ವಿಧಾನವನ್ನು ಅಧಿಕೃತವಾಗಿ ಹಿಡಿಯಿತು. ಜಗತ್ತಿನ ಕಚ್ಚಾ ರೇಷ್ಮೆಯ ವ್ಯಾಪಾರದಲ್ಲಿ ಆ 11 ಇಂದಿಗೂ ನಡೆಯುತ್ತಿದೆ. ಉಳಿದ ಎಳೆಗಳಿಗೂ ಅವುಗಳದೇ ಸಂಖ್ಯೆ ಬಂತು: ಹತ್ತಿಗೆ 8.5, ಸೆಣಬಿಗೆ 13.75, ಪಾಲಿಯೆಸ್ಟರಿಗೆ ಬರೀ 0.4. ಪಾಲಿಯೆಸ್ಟರ್ ಅಂಗಿ ಬೆವರಿಗೆ ಯಾಕೆ ಮೈಗಂಟುತ್ತದೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ.

ಈಗ ಲೆಕ್ಕಕ್ಕೆ ಬರೋಣ. ಜಾಣ ವಿದ್ಯಾರ್ಥಿಗಳೂ ಕಾಲು ಜಾರುವ ಜಾಗ ಇದು. ತಕ್ಕಡಿಯಲ್ಲಿ 100 ಕಿಲೋ ತೂಗಿದ ನೂಲಿನ ಮೂಟೆ ಇದೆ ಎನ್ನಿ. ಅದರಿಂದ 500 ಗ್ರಾಂ ಮಾದರಿ ತೆಗೆದು ಒಣಗಿಸಿದರೆ 445 ಗ್ರಾಂ ಉಳಿಯಿತು. ಹೋದ ನೀರು 55 ಗ್ರಾಂ. 500ರಲ್ಲಿ 55 ಎಂದರೆ ಶೇಕಡ 11. ಒಪ್ಪಿದ್ದೂ 11, ಇರುವುದೂ 11, ಪೂರ್ತಿ 100 ಕಿಲೋಗೆ ದುಡ್ಡು ಕೊಡಬೇಕು ಅಲ್ಲವೇ? ಅಲ್ಲ. ಲಿಯೋನಿನವರು ಒಪ್ಪಿದ 11 ಒಣ ರೇಷ್ಮೆಯ ನೂರಕ್ಕೆ, ಹಸಿ ನೂಲಿನ ನೂರಕ್ಕಲ್ಲ. ಮಾದರಿಯಲ್ಲಿರುವುದು 445ಕ್ಕೆ 55, ಅಂದರೆ 12.36. ಸರಿಯಾದ ದಾರಿ ಹೀಗೆ: ಮೂಟೆಯ ಒಣ ತೂಕ 100 × (445 ÷ 500) = 89 ಕಿಲೋ; ಅದಕ್ಕೆ ನೂರಕ್ಕೆ ಹನ್ನೊಂದು ಕೂಡಿಸಿದರೆ 89 × 1.11 = 98.79 ಕಿಲೋ. ಕೊಳ್ಳುವವನು ದುಡ್ಡು ಕೊಡಬೇಕಾದದ್ದು ಇಷ್ಟಕ್ಕೆ. ವ್ಯತ್ಯಾಸ 1.21 ಕಿಲೋ. ಕಿಲೋಗೆ 5,000 ರೂಪಾಯಿ ಎಂದಿಟ್ಟುಕೊಂಡರೂ 6,050 ರೂಪಾಯಿ ಬರೀ ನೀರಿಗೆ ಹೋಗುತ್ತಿತ್ತು. ಶೇಕಡ ಎಂಬ ಮಾತು ಬಂದಾಗ ಯಾವುದರ ಶೇಕಡ ಎಂದು ಕೇಳದವರು ರಸಾಯನಶಾಸ್ತ್ರದ ದ್ರಾವಣಗಳ ಅಧ್ಯಾಯದಲ್ಲೂ ಇದೇ ದಂಡ ತೆರುತ್ತಾರೆ. ಅಲ್ಲಿ ದ್ರಾವಣದ ನೂರು, ದ್ರಾವಕದ ನೂರು ಎಂಬ ಜೋಡಿ ಕಾಯುತ್ತಿರುತ್ತದೆ.

ರೇಷ್ಮೆ ಯಾಕೆ ಹೀಗೆ ನೀರಿಗೆ ಸೋಲುತ್ತದೆ ಎಂದು ತಲಾಬೊನ ಕಾಲದಲ್ಲಿ ತಿಳಿದಿರಲಿಲ್ಲ. ಎಳೆಯ ತಿರುಳು ಫೈಬ್ರೊಯಿನ್ ಎಂಬ ಪ್ರೋಟೀನು. ಅದರ ಸರಪಳಿಯ ಉದ್ದಕ್ಕೂ ಇರುವ ಪೆಪ್ಟೈಡ್ ಕೊಂಡಿಗಳು ನೀರಿನ ಅಣುವನ್ನು ಹೈಡ್ರೊಜನ್ ಬಂಧದಿಂದ ಹಿಡಿದುಕೊಳ್ಳುತ್ತವೆ. ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಂಡ ಸ್ಫಟಿಕದ ಭಾಗಕ್ಕೆ ನೀರು ನುಗ್ಗಲಾರದು. ಸಡಿಲಾಗಿ ಬಿದ್ದ ಭಾಗದಲ್ಲಿ ಸಲೀಸಾಗಿ ಸೇರುತ್ತದೆ. ಎಳೆಯ ಹೊರಗಿನ ಅಂಟು ಸೆರಿಸಿನ್ ನೀರಿಗೆ ಇನ್ನೂ ಹತ್ತಿರದ ನಂಟ. ಕಚ್ಚಾ ನೂಲಿನ ಸುಮಾರು ಕಾಲು ಭಾಗ ಈ ಅಂಟೇ, ಬಣ್ಣ ಹಾಕುವ ಮೊದಲು ಸಾಬೂನು ನೀರಿನಲ್ಲಿ ಕುದಿಸಿದರೆ ಅದು ಹೋಗುತ್ತದೆ. ಹೋದ ತೂಕವನ್ನು ತುಂಬಿಕೊಡಲು ಯುರೋಪಿನ ಬಣ್ಣದವರು ತವರದ ಲವಣಗಳನ್ನು ಎಳೆಯೊಳಗೆ ಕೂರಿಸುವ ಕಲೆ ಕಲಿತರು. ಕೊಟ್ಟದ್ದಕ್ಕಿಂತ ಹೆಚ್ಚು ತೂಕದ ರೇಷ್ಮೆ ವಾಪಸು ಬರುತ್ತಿತ್ತು. ಸೀರೆ ಭಾರವಾಗಿದೆ, ಗಟ್ಟಿ ಮಾಲು ಎಂದು ಮೆಚ್ಚುವವರು ಈ ಕತೆ ಒಮ್ಮೆ ಕೇಳಬೇಕು. ತಲಾಬೊನ ಒಲೆಗೂ ಇದು ಸಿಗುವುದಿಲ್ಲ, ಏಕೆಂದರೆ ತವರ ನೂರು ಡಿಗ್ರಿಗೆ ಹಾರಿಹೋಗುವುದಿಲ್ಲ.

ಲಿಯೋನ್ ನಮಗೆ ಬಿಟ್ಟುಹೋದ ಇನ್ನೊಂದು ಮಾನ ಡೆನಿಯರ್. ಕೊಳ್ಳೇಗಾಲದ ನೂಲಿನ ವ್ಯಾಪಾರದಲ್ಲಿ ‘ಇಪ್ಪತ್ತು ಇಪ್ಪತ್ತೆರಡು’ ಎಂದರೆ ಎಳೆಯ ದಪ್ಪ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಕೂದಲೆಳೆಗಿಂತ ಸಣ್ಣದರ ದಪ್ಪವನ್ನು ಅಡ್ಡಕ್ಕೆ ಅಳೆಯುವ ಬದಲು ಉದ್ದವನ್ನೂ ತೂಕವನ್ನೂ ಅಳೆಯುವುದು ಒಳ್ಳೆಯ ಯುಕ್ತಿ. ಆದರೆ 9,000 ಯಾಕೆ? ಮೆಟ್ರಿಕ್ ಎಂದ ಮೇಲೆ ಸಾವಿರವೋ ಹತ್ತು ಸಾವಿರವೋ ಇರಬೇಕಿತ್ತಲ್ಲ? ಲಿಯೋನಿನ ಹಳೆಯ ಲೆಕ್ಕದಲ್ಲಿ 400 ‘ಓನ್’ ಉದ್ದದ, ಅಂದರೆ ಸುಮಾರು 476 ಮೀಟರಿನ ನೂಲನ್ನು ಗ್ರೇನ್‌ಗಳಲ್ಲಿ ತೂಗುತ್ತಿದ್ದರು. ಅವರ ಒಂದು ಗ್ರೇನ್ 0.0531 ಗ್ರಾಂ. ಮೆಟ್ರಿಕ್ಕಿಗೆ ಬಂದಾಗ ಅದನ್ನು 450 ಮೀಟರಿಗೆ 0.05 ಗ್ರಾಂ ಎಂದು ದುಂಡಗೆ ಮಾಡಿದರು. ಎರಡನ್ನೂ 20ರಿಂದ ಗುಣಿಸಿ: 9,000 ಮೀಟರಿಗೆ 1 ಗ್ರಾಂ. ಹಳೆಯದನ್ನು ಇದೇ ಉದ್ದಕ್ಕೆ ತಂದು ನೋಡಿದರೆ 0.0531 × 9,000 ÷ 476, ಅಂದರೆ 1.004 ಗ್ರಾಂ. ಸಾವಿರಕ್ಕೆ ನಾಲ್ಕರ ವ್ಯತ್ಯಾಸ; ಯಾವ ನೇಕಾರನಿಗೂ ತನ್ನ ಕೈಗೊತ್ತಿನ ಸಂಖ್ಯೆ ಬದಲಾಯಿತು ಅನ್ನಿಸಿರಲಿಕ್ಕಿಲ್ಲ. ವೀಸೆ, ಸೇರುಗಳನ್ನು ಕೈಬಿಟ್ಟ ನಮ್ಮ ಸೀಮೆ ಫ್ರಾನ್ಸಿನ ಮೊಳವೊಂದನ್ನು ಮೀಟರಿನ ವೇಷದಲ್ಲಿ ಈಗಲೂ ಬಳಸುತ್ತಿದೆ ಎಂದರೆ ತಮಾಷೆಯೇ. ಇಪ್ಪತ್ತು ಡೆನಿಯರಿನ ಒಂದು ಕಿಲೋ ನೂಲನ್ನು ಬಿಚ್ಚಿ ಎಳೆದರೆ 450 ಕಿಲೋಮೀಟರ್. ಈ ಲೆಕ್ಕವನ್ನು ಮಕ್ಕಳೇ ಮಾಡಿ ನೋಡಲಿ.

ನೂಲಿಗೆ ಇಷ್ಟೆಲ್ಲ ಆಯಿತು, ಗೂಡಿಗೆ? ಮಾರುಕಟ್ಟೆಗೆ ಬರುವ ಹಸಿ ಗೂಡಿನೊಳಗೆ ಜೀವಂತ ಪ್ಯೂಪಾ ಇದೆ. ತೂಕದ ಬಹುಪಾಲು ಅದರದೇ, ಅದರಲ್ಲೂ ಹೆಚ್ಚಿನದು ನೀರು. ಬಿಡಿಸಿದ ಗೂಡು ಗಂಟೆ ಗಂಟೆಗೂ ಹಗುರಾಗುತ್ತದೆ, ಅದಕ್ಕೇ ಹನೂರಿನ ಆಚೆಯ ಊರಿನ ರೈತ ಬೆಳಕು ಹರಿಯುವ ಮೊದಲೇ ವಾಹನ ಹಿಡಿಯುವುದು. ಹರಾಜು ಈಗ ಕಂಪ್ಯೂಟರಿನಲ್ಲಿ, ತೂಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ದಶಮಾಂಶದವರೆಗೆ ಖಚಿತ. ಆದರೆ ಆ ಗೂಡಿಗೆ 11ರಂಥ ಒಪ್ಪಿತ ಸಂಖ್ಯೆ ಯಾವುದೂ ಇಲ್ಲ. ನೂಲು ಬಿಚ್ಚುವ ರೀಲರುಗಳ ಬಾಯಲ್ಲಿರುವುದು ರೆಂಡಿಟ್ಟಾ: ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು. ನೋಡಲು ಇದೂ ಪರಿವರ್ತನೆಯ ಗುಣಕವೇ, ಕಿಲೋಗೆ ಕಿಲೋ ವಜಾ ಆಗುತ್ತದೆ. ವೀಸೆಗೆ 120 ತೊಲ ಎಂಬುದು ನಾವೇ ಗೊತ್ತುಮಾಡಿದ್ದು, ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ರೆಂಡಿಟ್ಟಾ ಹುಳುವಿನ ಜಾತಿ, ಸೊಪ್ಪು, ಹವೆ, ಬಿಚ್ಚುವವರ ಕೈ ಎಲ್ಲವೂ ಸೇರಿ ಕೊಡುವ ಸಂಖ್ಯೆ. ನೂಲು ಬಿಚ್ಚಿ ಮುಗಿಯುವವರೆಗೆ ಯಾರಿಗೂ ಗೊತ್ತಾಗದು, ಬೆಲೆ ಮಾತ್ರ ಅದಕ್ಕೂ ಮೊದಲೇ ಕೂಗಬೇಕು. ನೂರು ಕಿಲೋ ಗೂಡಿಗೆ ರೆಂಡಿಟ್ಟಾ ಏಳಾದರೆ 14.3 ಕಿಲೋ ನೂಲು, ಎಂಟಾದರೆ 12.5 ಕಿಲೋ. ನಡುವೆ 1.8 ಕಿಲೋ, ಆ ನೂಲಿನ ಮೂಟೆಯಲ್ಲಿ ಸಿಕ್ಕಿಬಿದ್ದ 1.21 ಕಿಲೋ ನೀರಿಗಿಂತ ಹೆಚ್ಚು. ರೀಲರುಗಳು ಲಾಟಿನಿಂದ ಲಾಟಿಗೆ ನಡೆದು, ಬೊಗಸೆ ಗೂಡು ಎತ್ತಿ ಅಮುಕಿ, ಅಲ್ಲಾಡಿಸಿ, ಒಂದೆರಡನ್ನು ಕತ್ತರಿಸಿಯೂ ನೋಡುವುದು ಈ ಒಂದು ಮುಕ್ಕಾಲು ಕಿಲೋದ ಸಲುವಾಗಿ.